ಅತ್ತೆ ಕೊಟ್ಟ ಎರಡು ಸ್ಟಾರ್

ಗಿರಾಕಿ ಕಡಿಮೆ ಇರುವ ತಿಂಗಳಲ್ಲಿ ಅತ್ತೆ ತಮ್ಮದೇ ಹೋಟೆಲಿನಲ್ಲಿ ಅತಿಥಿಯಾಗಿ ಇಳಿದುಕೊಳ್ಳುತ್ತಾರೆ. ಹೋಟೆಲ್ ಶುರುವಾದಾಗಿನಿಂದ ನಡೆದುಕೊಂಡು ಬಂದ ಪದ್ಧತಿ ಇದು. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಕನ್ನಡಕದ ಡಬ್ಬಿ, ಹಲ್ಲುಜ್ಜುವ ಬ್ರಷ್ಷು ಹಾಕಿಕೊಂಡು ಕೌಂಟರಿನ ಮುಂದೆ ಬಂದು ನಿಲ್ಲುತ್ತಾರೆ. ಹೋಟೆಲ್ ನಡೆಸುವ ಸೊಸೆ ಬೇರೆಯವರಿಗೆ ಕೊಡುವ ಹಾಗೆಯೇ ಅವರಿಗೂ ಕೀ ಕೊಡಬೇಕು. ದಿನಕ್ಕೊಂದು ರೂಮು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಕಿಟಕಿ ತೆಗೆದು ಮುಚ್ಚಿ, ಡ್ರಾಯರು ಎಳೆದು ನೋಡಿ ಕೆಳಗಿಳಿಯುತ್ತಾರೆ. ತಿಂಡಿಯ ಮೇಜಿಗೆ ಕೂತು ಕಂಡ ತಪ್ಪನ್ನೆಲ್ಲ ಒಂದೂ ಬಿಡದೆ ಹೇಳುತ್ತಾರೆ. ಸೊಸೆ ಕೇಳಿಸಿಕೊಂಡು ಪ್ಲಂಬರನಿಗೋ ಬಡಗಿಗೋ ಫೋನ್ ಮಾಡುತ್ತಾಳೆ. ಹಾಗಾಗಿ ಅಲ್ಲಿ ತೊಟ್ಟಿಕ್ಕುವ ನಲ್ಲಿ ಅಪರೂಪ.

ಈ ವರ್ಷ ಅತ್ತೆ ಹೇಳಲಿಲ್ಲ, ಬರೆದರು. ಹೋಟೆಲಿನ ಆನ್‌ಲೈನ್ ಬುಕಿಂಗ್ ನೋಡಿಕೊಳ್ಳುವವನು ಅವರ ಕಿರಿಯ ಮಗ, ಅಂದರೆ ಸೊಸೆಯ ಮೈದುನ. ಹೊತ್ತು ಹೋಗಲಿ ಎಂದು ಅವನೇ ಅಮ್ಮನ ಫೋನಿಗೆ ಹೋಟೆಲ್ ರಿವ್ಯೂಗಳ ಆ್ಯಪ್ ಹಾಕಿಕೊಟ್ಟಿದ್ದ. ಅತ್ತೆ ಒಂದು ವಾರ ಓದಿದರು. ಜನ ರೂಮಿನಲ್ಲಿ ಮಲಗೆದ್ದು ತಪ್ಪು ಒಪ್ಪು ಬರೆಯುವ ಜಾಗ ಇದು ಎಂದು ಅವರಿಗೆ ಅರ್ಥವಾಯಿತು. ತಾವು ಇಷ್ಟು ವರ್ಷ ಬಾಯಲ್ಲಿ ಮಾಡಿದ್ದು ಇದೇ ಕೆಲಸ. ಬರೆದು ಹಾಕಿದರೆ ಸೊಸೆಗೆ ಮರೆಯುವುದೂ ಇಲ್ಲ. ತಮ್ಮ ಹೋಟೆಲನ್ನು ಹುಡುಕಿ, ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದರು:

“ಹಾಸಿಗೆ ಪರವಾಗಿಲ್ಲ. ಐದನೇ ರೂಮಿನಲ್ಲಿ ಬಿಸಿನೀರು ಬರುವಷ್ಟರಲ್ಲಿ ಮುಖ ತೊಳೆಯುವ ಮನಸ್ಸು ಹೋಗಿರುತ್ತದೆ. ಹಿಂದಿನ ಬೀದಿಯ ಬೇಕರಿಯ ಶಟರ್ ಬೆಳಗಾಗುವ ಮೊದಲೇ ಏಳುತ್ತದೆ, ನಮ್ಮನ್ನೂ ಏಳಿಸುತ್ತದೆ. ಲಿಫ್ಟ್ ಇಲ್ಲ. ಮೂರನೇ ಮಹಡಿಯ ಮೆಟ್ಟಿಲ ಪಕ್ಕದ ಕಂಬಿ ಮೆಟ್ಟಿಲು ಮುಗಿಯುವ ಮೊದಲೇ ಮುಗಿಯುತ್ತದೆ, ಕೈ ಗಾಳಿ ಹಿಡಿಯುತ್ತದೆ. ಸೋಪು ಚಿಕ್ಕದು.”

ಕೊಟ್ಟ ಸ್ಟಾರು ಎರಡು.

ಮಧ್ಯಾಹ್ನ ಕೌಂಟರಿನಲ್ಲಿ ಅದನ್ನು ಓದಿದ ಸೊಸೆ ಗಾಬರಿಯಾಗಿ ಎದ್ದಳು. ಕಾರಣವಿತ್ತು. ರಸ್ತೆಯಾಚೆ ಹೊಸದಾಗಿ ಮೂಳೆ ಆಸ್ಪತ್ರೆ ಬಂದಿತ್ತು. ಆಪರೇಷನ್ ಆದವರು ಊರಿಗೆ ಮರಳುವ ಮೊದಲು ಕೆಲವು ದಿನ ಹತ್ತಿರದಲ್ಲೇ ಉಳಿಯಬೇಕು, ಜೊತೆಗೆ ಮನೆಯವರು. ಅವರಿಗಾಗಿ ವರ್ಷಪೂರ್ತಿ ರೂಮು ಹಿಡಿಯಲು ಆಸ್ಪತ್ರೆ ಒಂದು ಹೋಟೆಲ್ ಹುಡುಕುತ್ತಿತ್ತು. ಅದು ಇವರಿಗೆ ಸಿಕ್ಕರೆ ಖಾಲಿ ತಿಂಗಳು ಎಂಬುದೇ ಇರುವುದಿಲ್ಲ. ಸಿಗದಿದ್ದರೆ ಕಳೆದ ವರ್ಷದಂತೆ ಮೇಲಿನ ಮಹಡಿಗಳಿಗೆ ಬೀಗ ಹಾಕಿ, ಅಡುಗೆಯವನನ್ನೂ ಬಟ್ಟೆ ಒಗೆಯುವಾಕೆಯನ್ನೂ ಕೆಲಸವಿಲ್ಲದೆ ಮನೆಗೆ ಕಳಿಸಬೇಕು. ಕಳೆದ ವರ್ಷ ಆ ಮಾತನ್ನು ಅವರಿಗೆ ಹೇಳಿದವಳು ಸೊಸೆಯೇ. ಅವಳ ಗಂಡ ರೈಲು ಓಡಿಸುವವನು. ಹೋಟೆಲಿನ ಒಳ್ಳೆಯದು ಕೆಟ್ಟದ್ದು ಅವಳ ತಲೆಯ ಮೇಲೇ. ಆಸ್ಪತ್ರೆಯ ಅಧಿಕಾರಿ, ಚುರುಕು ಮಾತಿನ ಹೆಂಗಸು, ಮೊದಲ ಫೋನಿನಲ್ಲೇ ಹೇಳಿದ್ದಳು: ರಿವ್ಯೂ ನೋಡಿಯೇ ತೀರ್ಮಾನ.

“ಅತ್ತೆ, ಇದೇನಿದು?”

“ಈ ವರ್ಷದ್ದು. ಕೂತು ಬರ್ದಿದೀನಿ. ತಪ್ಪಿದ್ರೆ ಹೇಳು.”

“ತಪ್ಪಿಲ್ಲ, ಅದೇ ಕಷ್ಟ. ಇದನ್ನ ಲೋಕವೆಲ್ಲ ಓದುತ್ತೆ ಅತ್ತೆ.”

“ಹೌದಾ? ನಿಂಗೊಬ್ಳಿಗೇ ಬರುತ್ತೆ ಅಂದ್ಕೊಂಡೆ.” ಅತ್ತೆ ಕನ್ನಡಕ ಸರಿಮಾಡಿಕೊಂಡರು. “ಓದ್ಲಿ ಬಿಡು. ಪಕ್ಕದ ಹೋಟೆಲಿನ ಸೋಪಿನ ಬಗ್ಗೆ ಬರೆದಿಲ್ವಲ್ಲ, ನಂದೇ ಸೋಪು.”

“ಅಲ್ಲ, ಎರಡೇ ಸ್ಟಾರಾ?”

“ಸೋಪಿಗೊಂದು ಕಳೆದೆ, ಬಿಸಿನೀರಿಗೊಂದು, ಕಂಬಿಗೊಂದು. ಬೇಕರಿಯವನದ್ದು ನಮ್ಮ ತಪ್ಪಲ್ಲ ಅಂತ ಬಿಟ್ಟೆ. ಇಲ್ದಿದ್ರೆ ಒಂದೇ ಉಳೀತಿತ್ತು.”

ಅದನ್ನು ತೆಗೆಸುವ ಮಾತನ್ನು ಸೊಸೆ ಎತ್ತುವ ಮೊದಲೇ, ಮಾರನೆಯ ದಿನ ಅದು ತಾನಾಗಿಯೇ ಮಾಯವಾಯಿತು. ಆ್ಯಪ್‌ನವರಿಂದ ಸಂದೇಶ ಬಂದಿತ್ತು: ಈ ಅಭಿಪ್ರಾಯ ಹೋಟೆಲಿನದೇ ವೈಫೈನಿಂದ ಬಂದಿದೆ, ಬರೆದವರು ನಿಜವಾಗಿ ತಂಗಿದವರೆಂದು ತೋರುವುದಿಲ್ಲ, ನಕಲಿ ಎಂದು ತೆಗೆದುಹಾಕಲಾಗಿದೆ. ಸೊಸೆ ಉಸಿರು ಬಿಟ್ಟಳು. ಅತ್ತೆ ಉರಿದುಬಿದ್ದರು.

“ನಾನು ನಕಲಿಯಂತೆ! ಆ ಹಾಸಿಗೆ ಮೇಲೆ ಮಲಗಿದ್ದು ನನ್ನ ಬೆನ್ನು. ಯಾರು ಹೇಳಿದ್ದು? ಫೋನ್ ಹಚ್ಚಿ ಕೊಡು.”

“ಯಾರೂ ಅಲ್ಲ ಅಮ್ಮ. ಅದು ಯಂತ್ರ ಮಾಡೋ ಕೆಲಸ,” ಎಂದ ಮೈದುನ.

“ಯಂತ್ರ ಯಾವ ರೂಮಲ್ಲಿ ಮಲಗಿತ್ತು ಕೇಳು.”

ಮೈದುನ ನಗುತ್ತಾ ಹೊರಗೆ ಹೋದ. ಅತ್ತೆ ಎರಡು ದಿನ ಆ ಫೋನನ್ನು ಮುಟ್ಟಲಿಲ್ಲ.

ಮೂರನೆಯ ದಿನ ಆಸ್ಪತ್ರೆಯ ಅಧಿಕಾರಿಯ ಫೋನ್ ಬಂತು. ದನಿಯಲ್ಲಿ ಸಂತೋಷವಿತ್ತು. “ನಿಮ್ಮ ರಿವ್ಯೂ ಎಲ್ಲ ಓದಿದೆ. ಲಿಫ್ಟ್ ಬಗ್ಗೆ ಎಷ್ಟು ಜನ ಹೊಗಳಿದಾರೆ! ಮಂಡಿ ಆಪರೇಷನ್ ಆದವರಿಗೆ ನಮಗೆ ಅದೇ ಬೇಕಿತ್ತು. ಗುರುವಾರ ಬರ್ತೀನಿ, ಕಾಗದ ಪತ್ರ ಮುಗಿಸೋಣ.” ಸೊಸೆ ಉತ್ತರ ಹೇಳುವ ಮೊದಲೇ ಆ ಕಡೆ ಯಾರೋ ಕರೆದರು, ಫೋನ್ ಕಟ್ಟಾಯಿತು.

ಸೊಸೆ ಹೋಟೆಲಿನ ಪುಟ ತೆಗೆದು ನೋಡಿದಳು. ಎರಡೇ ದಿನದಲ್ಲಿ ಪುಟದ ತುಂಬ ಹೊಸ ಹೊಗಳಿಕೆ, ಎಲ್ಲವೂ ಐದು ಸ್ಟಾರ್. ‘ವಿಶಾಲವಾದ ಲಿಫ್ಟ್, ನೇರ ರೂಮಿನ ಬಾಗಿಲಿಗೇ ಒಯ್ಯುತ್ತದೆ.’ ‘ಲಿಫ್ಟಿನೊಳಗಿನ ಕನ್ನಡಿ ಎಷ್ಟು ಶುಭ್ರ!’ ‘ವಯಸ್ಸಾದ ತಂದೆತಾಯಿಯರಿಗೆ ಈ ಲಿಫ್ಟ್ ವರದಾನ.’ ಬರೆದವರಲ್ಲಿ ಒಬ್ಬರ ಮುಖವನ್ನೂ ಅವಳು ಕಂಡಿರಲಿಲ್ಲ.

ಮೈದುನನನ್ನು ಕೂಗಿದಳು. ಅವನು ಬಂದು ನೋಡಿ ತಲೆ ಕೆರೆದುಕೊಂಡ.

“ಅಮ್ಮನ ಎರಡು ಸ್ಟಾರ್ ಬಂದ ದಿನವೇ ಅದು ಮುಚ್ಚಿಹೋಗ್ಲಿ ಅಂತ ಒಬ್ಬ ಪರಿಚಯದವನಿಗೆ ಹೇಳಿದ್ದೆ ಅತ್ತಿಗೆ. ಅದೇ ಅವನ ಕಸುಬು. ಬೇರೆ ಯಾವುದೋ ಹೋಟೆಲಿಗೆ ಬರ್ದಿದ್ದನ್ನ ತಂದು ಇಲ್ಲಿ ಅಂಟಿಸಿದಾನೆ ಅನ್ಸುತ್ತೆ.”

“ಯಂತ್ರಕ್ಕೆ ಇದು ನಕಲಿ ಅಂತ ಗೊತ್ತಾಗ್ಲಿಲ್ವಾ?”

“ಅವನು ಬೇರೆ ಬೇರೆ ಫೋನಿಂದ, ಬೇರೆ ಬೇರೆ ಜಾಗದಿಂದ ಹಾಕ್ತಾನೆ. ಅದ್ರಲ್ಲಿ ಪಳಗಿದ ಕೈ.”

ತಿಂಡಿಯ ಮೇಜಿನಲ್ಲಿ ಕರವಸ್ತ್ರ ಮಡಚುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: “ಹಾಗಾದ್ರೆ ನಾನು ಬಸ್ ಸ್ಟ್ಯಾಂಡಲ್ಲಿ ನಿಂತು ಬರ್ದಿದ್ರೆ ನಿಜ ಆಗ್ತಿತ್ತು ಅನ್ನು.”

ಮೈದುನ ಆ ಬರೆದವನಿಗೆ ಫೋನ್ ಮಾಡಿದ. ಹಾಕುವುದಷ್ಟೇ ತನ್ನ ಕೆಲಸ, ತೆಗೆಯುವುದು ತನಗೆ ಗೊತ್ತಿಲ್ಲ ಎಂದ ಅವನು. ಸೊಸೆ ತಾನೇ ಕೂತು ಒಂದೊಂದೂ ಸುಳ್ಳೆಂದು ಆ್ಯಪ್‌ನವರಿಗೆ ದೂರು ಕೊಟ್ಟಳು. ಸಂಜೆಯ ಹೊತ್ತಿಗೆ ಉತ್ತರ ಬಂತು: ಪರಿಶೀಲಿಸಿದ್ದೇವೆ, ಈ ಅಭಿಪ್ರಾಯಗಳಲ್ಲಿ ದೋಷ ಕಂಡುಬಂದಿಲ್ಲ, ನಿಮ್ಮ ಕಾಳಜಿಗೆ ಧನ್ಯವಾದ.

“ಸುಮ್ನಿದ್ಬಿಡಿ ಅತ್ತಿಗೆ,” ಎಂದ ಮೈದುನ. “ಸಹಿ ಆಗ್ಲಿ. ಕೇಳಿದ್ರೆ ಲಿಫ್ಟ್ ರಿಪೇರಿಲಿದೆ ಅನ್ನೋಣ. ನೀವೇನೂ ಬರೆದಿಲ್ಲ, ನೀವೇನೂ ಹೇಳಿಲ್ಲ.”

“ಗುರುವಾರ ಬಂದಾಗ ಲಿಫ್ಟ್ ಎಲ್ಲಿ ಅಂದ್ರೆ ಯಾವ ಗೋಡೆ ತೋರಿಸ್ತೀಯಪ್ಪಾ?”

“ಹಿತ್ತಲ ಕಡೆ ಬಾಗಿಲಿದೆ, ಬೀಗ ಹಾಕಿದೀವಿ ಅಂತ...”

“ಅದು ಗ್ಯಾಸ್ ಸಿಲಿಂಡರ್ ಇಡೋ ಜಾಗ ಕಣೋ,” ಎಂದರು ಅತ್ತೆ.

ಸೊಸೆ ನಗಲಿಲ್ಲ. ಎರಡು ಕೋಲೂರಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡುವ ಒಬ್ಬ ಮನುಷ್ಯ ಅವಳ ಕಣ್ಣಿಗೆ ಕಟ್ಟಿದ್ದ. ಜೊತೆಗೆ ಸಿಟ್ಟೂ ಇತ್ತು. ಈ ಹೋಟೆಲಿನಲ್ಲಿ ಹೊಗಳಬಹುದಾದದ್ದು ಬೇಕಾದಷ್ಟಿತ್ತು. ಇಸ್ತ್ರಿ ಗೆರೆ ಮುರಿಯದ ಹಾಸು, ಒಂದು ಕೂದಲೂ ಕಾಣದ ಬಚ್ಚಲು, ತಡವಾಗಿ ಬಂದವರಿಗೂ ಬಿಸಿ ಸೂಪು. ಅದೆಲ್ಲ ಬಿಟ್ಟು ಇಲ್ಲದ ಲಿಫ್ಟಿನ ಕನ್ನಡಿಯನ್ನು ಹೊಗಳಿಸಿಕೊಂಡು ಅವಳು ಬದುಕಬೇಕಿತ್ತೇ?

ಅಧಿಕಾರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ‘ನಮ್ಮಲ್ಲಿ ಲಿಫ್ಟ್ ಇಲ್ಲ, ಬರುವ ಮೊದಲು ದಯವಿಟ್ಟು ನಮ್ಮ ಪುಟ ಮತ್ತೊಮ್ಮೆ ಓದಿ’ ಎಂದು ಸಂದೇಶ ಕಳಿಸಿದಳು. ಹೊಗಳಿಕೆಯನ್ನು ಅಳಿಸುವ ಹಕ್ಕು ಅವಳಿಗಿರಲಿಲ್ಲ, ಅದರ ಕೆಳಗೆ ಉತ್ತರ ಬರೆಯುವ ಹಕ್ಕಿತ್ತು. ಮೊದಲನೆಯದರ ಕೆಳಗೆ ಬರೆದಳು: ‘ನಾನು ಈ ಹೋಟೆಲ್ ನಡೆಸುವವಳು. ಇಲ್ಲಿ ಲಿಫ್ಟ್ ಇಲ್ಲ, ಯಾವತ್ತೂ ಇರಲಿಲ್ಲ. ನೀವು ಇಲ್ಲಿ ತಂಗಿಲ್ಲ. ಈ ಸ್ಟಾರುಗಳು ನಮಗೆ ಬೇಡ.’ ಎರಡನೆಯದಕ್ಕೆ ಬಂದಾಗ ಕೈ ನಿಂತಿತು.

“ಅತ್ತೆ, ಐದನೇ ರೂಮಿನ ಬಿಸಿನೀರಿನ ಬಗ್ಗೆ ಹೇಗೆ ಬರ್ದಿದ್ರಿ?”

ಅತ್ತೆ ಕರವಸ್ತ್ರ ಕೆಳಗಿಟ್ಟರು. “ಯಾಕೆ? ಅದು ನಕಲಿ ಅಲ್ವಾ?”

“ನೀವು ಹೇಳಿ. ನನ್ನ ಹೆಸರಲ್ಲಿ ಹಾಕ್ತೀನಿ. ನಾನು ನಕಲಿ ಅಂತ ಯಾವ ಯಂತ್ರ ಹೇಳುತ್ತೋ ನೋಡೋಣ.”

ಅತ್ತೆ ಕುರ್ಚಿ ಎಳೆದುಕೊಂಡು ಬಂದು ಕೂತರು. ಅವರು ಹೇಳುತ್ತಾ ಹೋದರು, ಇವಳು ಬರೆಯುತ್ತಾ ಹೋದಳು. ಒಂದೊಂದು ಸುಳ್ಳು ಹೊಗಳಿಕೆಯ ಕೆಳಗೆ ಒಂದೊಂದು ನಿಜವಾದ ತಪ್ಪು ಕೂತಿತು. ಮೈದುನ ತಲೆಯ ಮೇಲೆ ಕೈ ಹೊತ್ತುಕೊಂಡ. “ಅತ್ತೆ ಸೊಸೆ ಜಗಳ ಆಡ್ತಾರೆ ಅಂತ ಕೇಳಿದ್ದೆ. ಸೇರ್ಕೊಂಡು ಮನೆ ಮುಳುಗಿಸ್ತಾರೆ ಅಂತ ಗೊತ್ತಿರ್ಲಿಲ್ಲ.”

ಅಧಿಕಾರಿಯಿಂದ ಉತ್ತರ ಬರಲಿಲ್ಲ. ಬರುವುದಿಲ್ಲವೆಂದೇ ಸೊಸೆ ಅಂದುಕೊಂಡಳು. ಆದರೂ ಗುರುವಾರ ಬೆಳಿಗ್ಗೆ ಕೌಂಟರು ಒರೆಸಿ, ಒಳ್ಳೆಯ ಬಟ್ಟೆ ಹಾಕಿಕೊಂಡು ನಿಂತಳು. ಹೊತ್ತಿಗೆ ಸರಿಯಾಗಿ ಅಧಿಕಾರಿ ಒಳಗೆ ಬಂದಳು. ಐವತ್ತರ ಹೆಂಗಸು, ಕುತ್ತಿಗೆಯಲ್ಲಿ ಆಸ್ಪತ್ರೆಯ ಗುರುತಿನ ಚೀಟಿ. ಕೂತುಕೊಳ್ಳಲಿಲ್ಲ.

“ಆ ಉತ್ತರಗಳನ್ನ ಬರ್ದಿದ್ದು ಯಾರು?”

“ನಾನು,” ಎಂದಳು ಸೊಸೆ. “ತಪ್ಪು ಕಂಡುಹಿಡಿದಿದ್ದು ನಮ್ಮತ್ತೆ.”

“ಇನ್ನೂ ಮೂರು ಹೋಟೆಲ್ ನೋಡಿದೀನಿ. ಎಲ್ಲಾ ಕಡೆ ಐದು ಸ್ಟಾರ್. ಒಂದು ಕಡೆ ಲಿಫ್ಟ್ ಇದೆ, ಗಾಲಿಕುರ್ಚಿ ಒಳಗೆ ಹೋಗಲ್ಲ. ಅದನ್ನ ಯಾರೂ ಬರ್ದಿರ್ಲಿಲ್ಲ.” ಅಧಿಕಾರಿ ಅತ್ತೆಯ ಕಡೆ ತಿರುಗಿದಳು. “ನಿಮ್ಮದನ್ನ ನೀವೇ ತೋರಿಸಿ, ಮೇಲಿಂದ.”

ಅತ್ತೆಗೆ ಅಷ್ಟು ಸಾಕಿತ್ತು. ಒಡವೆ ತೋರಿಸುವವರ ಹಾಗೆ ತಪ್ಪುಗಳನ್ನು ತೋರಿಸಿದರು. ಕಂಬಿ ಎಲ್ಲಿ ಮುಗಿಯುತ್ತದೆಂದು ಅಧಿಕಾರಿಯ ಕೈ ಹಿಡಿದು ಗಾಳಿಗೆ ಮುಟ್ಟಿಸಿದರು. ಐದನೇ ರೂಮಿನ ನಲ್ಲಿ ತಿರುಗಿಸಿ, ನೀರು ಬಿಸಿಯಾಗುವವರೆಗೂ ಎಲ್ಲರನ್ನೂ ನಿಲ್ಲಿಸಿಕೊಂಡರು. ಅಧಿಕಾರಿ ಬೆರಳಿಟ್ಟು ನೋಡಿದಳು, ಹಾಸಿನ ಅಂಚು ಎತ್ತಿ ನೋಡಿದಳು, ಬಚ್ಚಲ ಮೂಲೆಗೆ ಬಗ್ಗಿ ನೋಡಿದಳು. ಅಲ್ಲಿ ಅತ್ತೆ ಹೇಳದ ತಪ್ಪೊಂದೂ ಸಿಗಲಿಲ್ಲ. ಹಿಂದಿನಿಂದ ಬರುತ್ತಿದ್ದ ಸೊಸೆಯ ಅಂಜಿಕೆ ಮೂರನೇ ಮಹಡಿಯಲ್ಲಿ ಇದ್ದಷ್ಟು ಎರಡನೆಯದರಲ್ಲಿ ಇರಲಿಲ್ಲ.

ಕೊನೆಗೆ ನೆಲಮಹಡಿಯ ರೂಮಿಗೆ ಬಂದರು. ಮೊದಲು ಅದು ಹಳೆಯ ಸಾಮಾನು ತುಂಬಿದ್ದ ಕೋಣೆ. ಸೊಸೆ ಖಾಲಿ ಮಾಡಿಸಿ ರೂಮು ಮಾಡಿಸಿದ್ದಳು. ಮಲಗಿದಲ್ಲಿಂದಲೇ ಕೈಗೆಟುಕುವ ಸ್ವಿಚ್ಚು, ಬಚ್ಚಲಿಗೆ ಹೊಸ್ತಿಲಿಲ್ಲ, ಎದ್ದು ಕೂರಲು ಗೋಡೆಗೆ ಭದ್ರವಾದ ಹಿಡಿಕೆ. ಅಧಿಕಾರಿ ಹಾಸಿಗೆಯ ಮೇಲೆ ಕೂತಳು.

“ಇಲ್ಲೇನು ತಪ್ಪು?”

ಅತ್ತೆ ಸುತ್ತ ನೋಡಿದರು. “ಇಲ್ಲಿ ಎರಡು ರಾತ್ರಿ ಮಲಗಿದೆ. ಮೊದಲನೇ ರಾತ್ರಿ ಏನೂ ಸಿಗ್ಲಿಲ್ಲ ಅಂತ ನಂಬಿಕೆ ಬರ್ಲಿಲ್ಲ. ಎರಡನೇ ರಾತ್ರೀನೂ ಸಿಗ್ಲಿಲ್ಲ. ಇದು ಇವಳು ಮಾಡಿಸಿದ ರೂಮು.”

ಸೊಸೆ ಈ ಮನೆಗೆ ಬಂದ ಮೇಲೆ ಅತ್ತೆಯ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಅವಳು ಸರಿಯಾಗಿಯೇ ಇದ್ದ ಕಿಟಕಿಯ ಪರದೆಯನ್ನು ಇನ್ನೊಮ್ಮೆ ಸರಿಮಾಡಿದಳು.

“ಇಂಥವು ಕೆಳಗೆ ಎಷ್ಟಿವೆ?” ಅಧಿಕಾರಿ ಕೇಳಿದಳು.

“ಇದೊಂದೇ. ಪಕ್ಕದ ಎರಡನ್ನೂ ಹೀಗೇ ಮಾಡಿಸಬಹುದು.”

“ಮಾಡಿಸಿ. ರೋಗಿಗಳು ಇಲ್ಲಿ, ಮನೆಯವರು ಮೇಲಿನ ಎರಡು ಮಹಡಿಯಲ್ಲಿ. ಮೂರನೇದು ನಮಗೆ ಬೇಡ.” ಕೌಂಟರಿಗೆ ಬಂದು ಕಾಗದ ಹರಡಿದವಳು ಪೆನ್ನು ತೆರೆದು ಕೈ ತಡೆದಳು. “ಆದ್ರೆ ಒಂದು ಮಾತು. ನೀವೇ ಇಷ್ಟೆಲ್ಲ ತಪ್ಪು ತೋರಿಸಿದೀರಿ. ದರದಲ್ಲಿ ಸ್ವಲ್ಪ ಕಡಿಮೆ ಮಾಡ್ಬೇಕು.”

ಮೈದುನ ಕೂಡಲೇ ತಲೆಯಾಡಿಸಲು ಹೊರಟ. ಸೊಸೆ ಅವನ ಕಡೆ ನೋಡಲಿಲ್ಲ.

“ತಪ್ಪು ತೋರಿಸಿದ್ದು ನಿಮಗೆ ಗೊತ್ತಿರ್ಲಿ ಅಂತ ಮೇಡಂ, ದರ ಇಳಿಸೋಕಲ್ಲ. ದರ ಇಟ್ಟಿರೋದು ಇಲ್ಲಿ ಇರೋದಕ್ಕೆ. ಇಲ್ಲದ್ದಕ್ಕೆ ನಾವು ಯಾರ ಹತ್ರನೂ ತಗೊಂಡಿಲ್ಲ.”

ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅಧಿಕಾರಿ ಬಗ್ಗಿ, ಹೇಳಿದ ದರವನ್ನೇ ಬರೆದು ಸಹಿ ಹಾಕಿದಳು.

ಅವಳು ರಸ್ತೆ ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದು ಸೊಸೆ ಅಡುಗೆಮನೆಗೆ ಹೋದಳು. ಅಡುಗೆಯವನೂ ಬಟ್ಟೆ ಒಗೆಯುವಾಕೆಯೂ ಕೆಲಸ ಬಿಟ್ಟು ಅವಳ ಬಾಯನ್ನೇ ನೋಡುತ್ತಿದ್ದರು.

“ಈ ವರ್ಷ ಯಾರೂ ಮನೆಗೆ ಹೋಗ್ಬೇಕಾಗಿಲ್ಲ,” ಎಂದಳು ಸೊಸೆ. “ಆಸ್ಪತ್ರೆಯವರು ಬರ್ತಾರೆ. ಆಪರೇಷನ್ ಆದವರು, ಊಟ ಬಿಸಿಯಾಗಿರ್ಬೇಕು.”

ಬಟ್ಟೆ ಒಗೆಯುವಾಕೆ ಒದ್ದೆ ಕೈಯಲ್ಲೇ ಮುಖ ಒರೆಸಿಕೊಂಡಳು. ಅಡುಗೆಯವನು ಸೊಂಟಕ್ಕೆ ಕೈಕೊಟ್ಟು ನಿಂತ.

“ಅಲ್ಲಮ್ಮಾ,” ಎಂದ, “ನನ್ನ ಊಟ ಯಾವತ್ತು ತಣ್ಣಗಿತ್ತು?”