ಭಾನುವಾರದ ಕಾಲುಚೀಲ

"ನಕಾಯಿಜಾ ಅಮ್ಮ, ಮುಂದೆ ಬನ್ನಿ. ಹೊಸಬರಿಗೆ ನೀವೇ ಹೇಳಿಬಿಡಿ" ಎಂದು ಸಿಸ್ಟರ್ ನಂಟೊಂಗೊ ಕರೆದಾಗ, ಕೊನೆಯ ಬೆಂಚಿನಲ್ಲಿದ್ದ ನಕಾಯಿಜಾ ನೆಲ ಮುಟ್ಟುವ ಉಡುಪಿನೊಳಗೆ ಎಡಗಾಲನ್ನು ಇನ್ನಷ್ಟು ಹಿಂದಕ್ಕೆಳೆದುಕೊಂಡಳು.

ಮಸಾಕಾ ಊರಿನ ಆಸ್ಪತ್ರೆಯಲ್ಲಿ ಹುಣ್ಣಿಗೆ ಪಟ್ಟಿ ಕಟ್ಟುವ ಆ ಕೋಣೆಯಲ್ಲಿ ಅವಳು ಹೆಸರುವಾಸಿ. ಎರಡು ವರ್ಷ ಆರದ ಅವಳ ಕಾಲಿನ ಹುಣ್ಣು ಹೋದ ವರ್ಷ ಇಲ್ಲೇ ಮಾಯ್ದಿತ್ತು. ನಾತಕ್ಕೆ ಮೂಗು ಮುಚ್ಚಿಕೊಂಡು ದೂರ ಸರಿದಿದ್ದ ಸಂತೆಯ ಹೆಂಗಸರು ಮತ್ತೆ ಅವಳ ಬಾಳೆಕಾಯಿ ರಾಶಿಯ ಪಕ್ಕ ಕೂರತೊಡಗಿದ್ದರು. ಹುಣ್ಣು ಮರುಕಳಿಸದಿರಲೆಂದು ಸಿಸ್ಟರ್ ಒಂದು ಜೊತೆ ಬಿಗಿ ಕಾಲುಚೀಲ ಕೊಟ್ಟು, ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಕೊಳ್ಳಬೇಕು, ಮಲಗುವಾಗಷ್ಟೇ ತೆಗೆಯಬೇಕು ಎಂದಿದ್ದರು. ಆ ಪಾಠವನ್ನು ನಕಾಯಿಜಾ ಎಲ್ಲರೆದುರು ನಿಂತು ಒಪ್ಪಿಸಿದ್ದಳು. ಅಷ್ಟಕ್ಕೇ ಬಿಡದೆ, ಅದೇ ಕಾಯಿಲೆಯ, ಇದ್ದಿಲು ಮಾರುವ ನಂಬೋಜೆಗೆ ಬುದ್ಧಿ ಬೇರೆ ಹೇಳಿದ್ದಳು: "ಕಾಲೂ ನಿಂದೇ, ಸೋಮಾರಿತನಾನೂ ನಿಂದೇ. ಹಾಕ್ಕೊಳ್ದೆ ಆಮೇಲೆ ನನ್ ಹತ್ರ ಬಂದು ಅಳ್ಬೇಡ."

ಮನೆಗೆ ಹೋಗಿ ಬಿಚ್ಚಿ ನೋಡಿದರೆ, ಅಷ್ಟು ನಯವಾದ ವಸ್ತು ಅವಳ ಮನೆಯಲ್ಲಿ ಇನ್ನೊಂದಿರಲಿಲ್ಲ. ಸಂತೆಯಲ್ಲಿ ಹಿರಿಯರು ಎದುರಾದಾಗಲೆಲ್ಲ ಕೆಂಪು ಮಣ್ಣಿನಲ್ಲಿ ಮಂಡಿಯೂರಿ ನಮಸ್ಕರಿಸಬೇಕು; ವಾರದೊಳಗೆ ಹಾಳಾಗಿಹೋಗುತ್ತದೆ. ಪ್ರಾರ್ಥನೆಯ ಪುಸ್ತಕದ ಜೊತೆ ಪೆಟ್ಟಿಗೆಯಲ್ಲಿಟ್ಟು, ಭಾನುವಾರ ಚರ್ಚಿಗೆ ಮಾತ್ರ ಹಾಕಿದಳು. ಒಳ್ಳೆಯದನ್ನು ಯಾರಾದರೂ ಬಾಳೆಕಾಯಿ ಹೊರುವಾಗ ಹಾಕುತ್ತಾರೆಯೇ?

ಈಗ ಹಳೆಯ ಜಾಗದಲ್ಲೇ ಹುಣ್ಣು ಬಾಯಿ ತೆರೆದಿತ್ತು. ಸಿಸ್ಟರಿಗೆ ಗುಟ್ಟಾಗಿ ತೋರಿಸಿ ಹೋಗೋಣವೆಂದು ಬಂದವಳನ್ನು ಇಡೀ ಕೋಣೆ ನೋಡುತ್ತಿತ್ತು. ಎದ್ದು ಮುಂದೆ ಹೋದಳು. ನಾಲಿಗೆಯ ತುದಿಗೆ ಅದೇ ಹಳೆಯ ಪಾಠ ಬಂತು. ಅದನ್ನು ನುಂಗಿ, ಉಡುಪಿನ ಅಂಚೆತ್ತಿದಳು. ಮುಂದಿನ ಬೆಂಚಿನ ಹೆಂಗಸು ಅಂಗೈಯಿಂದ ಮೂಗು ಮುಚ್ಚಿಕೊಂಡಳು. 

ಸಿಸ್ಟರ್ ಬೈಯಲಿಲ್ಲ. ಕಾಲುಚೀಲ ಎಲ್ಲಿ ಎಂದಷ್ಟೇ ಕೇಳಿದರು. ಕೈಚೀಲದಿಂದ ತೆಗೆದು ತೋರಿಸಿದಳು. ಅದಿನ್ನೂ ಹೊಸದರಂತೆಯೇ ಇತ್ತು.

"ಹಾಕ್ಕೊಂಡೇ ಇಲ್ವಾ ಅಮ್ಮ?"

"ಭಾನುವಾರ ಹಾಕ್ಕೋತಿದ್ದೆ ಸಿಸ್ಟರ್. ಚರ್ಚಿಗೆ."

ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಸಿಸ್ಟರ್ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಹುಣ್ಣು ತೊಳೆಯಲು ನೀರು ತರಹೋದರು. ಕಾಲು ತೋರಿಸಲು ಬಂದಿದ್ದ ನಂಬೋಜೆ ಎದ್ದು ಬಂದು ಪಕ್ಕದಲ್ಲೇ ಕುಳಿತಳು. ಅವಳ ಕಾಲುಚೀಲ ಇದ್ದಿಲಿನಷ್ಟೇ ಕಪ್ಪಾಗಿತ್ತು, ಮಂಡಿಯ ಕೆಳಗೆ ಬಿಳಿ ದಾರದ ಹೊಲಿಗೆ ಬಿದ್ದಿತ್ತು. ಒಳಗಿನ ಹುಣ್ಣು ಮಾಯ್ದು ಆರು ತಿಂಗಳಾಗಿತ್ತು. ತಾನು ಅಂದ ಮಾತನ್ನೇ ಈಗ ತನಗೆ ತಿರುಗಿಸುತ್ತಾಳೆಂದು ನಕಾಯಿಜಾ ತಲೆ ತಗ್ಗಿಸಿ ಕಾದಳು. ಕೊನೆಗೆ ತಾನೇ ಅಂದಳು:

"ನಾತ ಬರುತ್ತೆ. ದೂರ ಕೂತ್ಕೋ."

"ಇದ್ದಿಲು ಕುಡಿದ ಮೂಗು, ಏನೂ ಗೊತ್ತಾಗಲ್ಲ ಬಿಡಕ್ಕ. ಅದನ್ನಿಲ್ಲಿ ಕೊಡು, ನೀರು ಬಿದ್ದೀತು."

ನಕಾಯಿಜಾ ಕಾಲುಚೀಲ ಮುಂದೆ ಹಿಡಿದಳು. ನಂಬೋಜೆ ತೆಗೆದುಕೊಳ್ಳಲಿಲ್ಲ. ಮೊದಲು ಎರಡೂ ಅಂಗೈಗಳನ್ನು ತನ್ನ ಉಡುಪಿಗೆ ಒರೆಸಿಕೊಂಡಳು, ಮಸಿ ಹೋಯಿತೇ ಎಂದು ತಿರುಗಿಸಿ ನೋಡಿದಳು, ಇನ್ನೊಮ್ಮೆ ಒರೆಸಿಕೊಂಡಳು. ಆಮೇಲೆ ಕೈಯೊಡ್ಡಿದಳು.