ಎಂಟನೆಯ ಪುಟದ ಒಂದು ಒತ್ತು

ಗಿರಿಯಮ್ಮನಿಗೆ ಒಂದಿಡೀ ಪುಟ ಕಟ್ಟುವ ಕೆಲಸ ಮೊದಲ ಸಲ ಸಿಕ್ಕಿದ ವಾರವೇ ಅವಳ ಅವ್ವ ಕಾಣೆಯಾದಳು.

ಅದು ಅರವತ್ತೊಂದನೆಯ ಇಸವಿಯ ಆಗಸ್ಟ್ ತಿಂಗಳು. ದಾವಣಗೆರೆಯ ಚೌಕಿಪೇಟೆಯಲ್ಲಿ ಬಕ್ಕೇಶಪ್ಪನವರದೊಂದು ಪ್ರೆಸ್ಸು ಇತ್ತು. ಅಲ್ಲಿಂದ ಹೊರಡುವ ವಾರಪತ್ರಿಕೆಗೆ ಅವರೇ ಸಂಪಾದಕರು. ಗಂಡ ತೀರಿಕೊಂಡ ಮೇಲೆ ರಾತ್ರಿ ಶಾಲೆಗೆ ಹೋಗಿ ಓದು ಬರಹ ಕಲಿತಿದ್ದ ಗಿರಿಯಮ್ಮ, ಸೀಸದ ಮೊಳೆ ಜೋಡಿಸುವುದನ್ನು ಕಲಿಯಲು ಆ ಪ್ರೆಸ್ಸಿಗೆ ಸೇರಿದ್ದಳು. ಕಲಿಸುವವನು ಫೋರ್‌ಮನ್ ಭರಮಣ್ಣ. ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುತ್ತದೆ, ಹಾಗೇ ಗುರುತು ಹಿಡಿಯಬೇಕು. ಅದು ಅವಳಿಗೆ ಬೇಗ ಬಂತು. ಪುಟದ ಅಂದ ಮಾತ್ರ ಬೇಗ ಬರಲಿಲ್ಲ.

"ಖಾಲಿ ಜಾಗ ಕಂಡಲ್ಲೆಲ್ಲ ತುರುಕಬ್ಯಾಡವ್ವ," ಎನ್ನುತ್ತಿದ್ದ ಭರಮಣ್ಣ. "ಇದೇನು ಹತ್ತಿ ತುಂಬೋ ಅಂಡಿಗೆ ಅಂದ್ಕೊಂಡ್ಯಾ? ಸಾಲಿಗೂ ಸಾಲಿಗೂ ನಡುವೆ ಗಾಳಿ ಆಡಬೇಕು. ಓದೋನು ಉಸಿರು ಬಿಡಬ್ಯಾಡೇನು?"

ಸ್ವಾತಂತ್ರ್ಯೋತ್ಸವದ ವಿಶೇಷ ಸಂಚಿಕೆ ಬಂದಾಗ ಬಕ್ಕೇಶಪ್ಪನವರು ಅವಳನ್ನು ಕರೆದು ಲೇಖನಗಳ ಕಟ್ಟು ಕೈಗಿಟ್ಟರು. "ಎಂಟನೇ ಪುಟ ನಿಂದಮ್ಮ. ಎಲ್ಲಿ ಏನಿರಬೇಕು, ಯಾವುದಕ್ಕೆ ಯಾವ ಅಕ್ಷರ, ನೀನೇ ಯೋಚಿಸು. ಚೆಂದಾಗಿ ನಿಂತ್ರೆ ನಾಳೆಯಿಂದ ನೀನು ಕಲಿಯೋಳಲ್ಲ, ಕೆಲಸದೋಳು."

ಗಿರಿಯಮ್ಮ ಸಂಭ್ರಮದಿಂದ ಕಂದು ಕಾಗದದ ಮೇಲೆ ಗೀಟು ಎಳೆದಳು. ಮೂರು ಕಾಲಂ, ಮೇಲೆ ಅಗಲ ತಲೆಬರಹ, ನಡುವೆ ಬಾವುಟದ ಚಿತ್ರದ ಅಚ್ಚು, ಅಂದರೆ ಬ್ಲಾಕು. ಗೀಟು ಎಳೆದ ಮಾರನೆಯ ಬೆಳಿಗ್ಗೆ, ಅವಳು ಪ್ರೆಸ್ಸಿಗೆ ಬಂದ ಹೊತ್ತಿನಲ್ಲಿ, ಮನೆಯಲ್ಲಿದ್ದ ಅವ್ವ ಬಾಗಿಲು ತೆರೆದಿಟ್ಟು ಹೊರಟುಹೋದಳು.

ಅವ್ವನ ಹೆಸರು ಚೌಡವ್ವ. ಆನಗೋಡಿನಲ್ಲಿ ಬದುಕು ಮಾಡಿದವಳು. ಈಚೆಗೆ ಮರೆವು ಹೆಚ್ಚಾಗಿ ಮಗಳ ಹತ್ತಿರ ಬಂದಿದ್ದಳು. ಉಂಡದ್ದು ಮರೆಯುವಳು, ಮಗಳನ್ನು ಕೆಲವೊಮ್ಮೆ ತಂಗಿಯ ಹೆಸರಿನಿಂದ ಕರೆಯುವಳು. ತನ್ನ ಹೆಸರು ಮಾತ್ರ ಮರೆತಿರಲಿಲ್ಲ. ಈಗ ಯಾರೂ ಉಳಿದಿಲ್ಲದ ಹರಿಹರದ ತವರಿಗೆ ಹೋಗುತ್ತೇನೆ ಎನ್ನುತ್ತ ಅಲ್ಲಿನ ಬಸ್ಸು ಹತ್ತಿದ್ದನ್ನು ಎದುರುಮನೆಯವರು ನೋಡಿದ್ದರು.

ಗಿರಿಯಮ್ಮ ಹರಿಹರದಲ್ಲಿ ಹುಡುಕದ ಜಾಗವಿಲ್ಲ. ಸ್ಟೇಷನ್ನು, ಸಂತೆ ಮೈದಾನ, ದೇವಸ್ಥಾನದ ಕಂಬಗಳ ಸಾಲು. ತುಂಗಭದ್ರೆ ಕೆಂಪಗೆ ತುಂಬಿ ಸೇತುವೆಯ ಕಾಲುಗಳಿಗೆ ಗುದ್ದುತ್ತಿದ್ದಳು. "ಹಸಿರು ಸೀರೆ ಉಟ್ಟ ಮುದುಕಿ, ಗದ್ದದ ಮೇಲೆ ಹಚ್ಚೆ ಐತೆ" ಎಂದು ಕೇಳಿದರೆ ಜನ ಇಲ್ಲವೆಂದು ತಲೆ ಆಡಿಸುತ್ತಿದ್ದರು. ಆಮೇಲೆ ಒಂದು ಸಲ ಹೊಳೆಯ ಕಡೆ ನೋಡಿ ಮುಂದೆ ಹೋಗುತ್ತಿದ್ದರು. ಮರುದಿನವೂ ಹೋದಳು, ಬರಿಗೈಲಿ ಬಂದಳು.

"ಪುಟದ ಮೂಲೆಯಾಗೆ ಒಂದು ಚೌಕ ಹಾಕ್ಕೊಳ್ಳಮ್ಮ," ಎಂದರು ಬಕ್ಕೇಶಪ್ಪನವರು. "ಹರಿಹರದಾಗೆ ನಮ್ಮ ಪತ್ರಿಕೆ ಓದದ ಚಾದಂಗಡಿ ಇಲ್ಲ."

ಬಾವುಟದ ದೊಡ್ಡ ಬ್ಲಾಕು ತೆಗೆದು ಸಣ್ಣದನ್ನು ಇಟ್ಟು ಅವಳು ಕೆಳಮೂಲೆಯಲ್ಲಿ ಜಾಗ ಮಾಡಿದಳು. 'ಕಾಣೆಯಾಗಿದ್ದಾರೆ' ಎಂದು ದಪ್ಪ ಅಕ್ಷರದಲ್ಲಿ ಜೋಡಿಸಿದಳು. ಅದರ ಕೆಳಗೆ ಚೌ, ಡ, ವ. ಆಮೇಲೆ ವ ಒತ್ತಿಗೆ ಕೈ ಹಾಕಿದರೆ ಆ ಗೂಡು ಖಾಲಿ.

ಕನ್ನಡದ ಮೊಳೆಯಲ್ಲಿ ಒತ್ತಕ್ಷರಗಳಿಗೆ ಬೇರೆ ಮೊಳೆ, ಬೇರೆ ಗೂಡು. ಗಿರಿಯಮ್ಮ ಅಕ್ಕಪಕ್ಕದ ಗೂಡುಗಳನ್ನೆಲ್ಲ ಕೆದಕಿದಳು, ನೆಲ ತಡಕಿದಳು.

"ಎಲ್ಲಿ ಸಿಗುತ್ತೆ ಬಿಡವ್ವ," ಎಂದ ಭರಮಣ್ಣ. "ಎಂಟು ಪುಟದ ತುಂಬಾ ಸ್ವಾತಂತ್ರ್ಯ, ಸ್ವರಾಜ್ಯ, ಸ್ವದೇಶಿ, ವಿಶ್ವಶಾಂತಿ. ಸ್ವಾಮಿಗಳ ಸಂದೇಶ ಬೇರೆ. ಇದ್ದಬದ್ದ ವ ಒತ್ತೆಲ್ಲ ಅವೇ ನುಂಗಿ ಕುಂತಾವೆ. ನಿಮ್ಮವ್ವನ ಪಾಲಿಗೆ ಎಲ್ಲೈತೆ? ಮ ಒತ್ತು ಬೇಕಾದಷ್ಟೈತೆ, ಚೌಡಮ್ಮ ಅಂತ ಹಾಕು."

"ನಮ್ಮವ್ವ ಚೌಡವ್ವ ಅಲ್ಲೇನಣ್ಣ?"

"ಕರೆಯಾಕೆ ಅವ್ವ, ಬರೆಯಾಕೆ ಅಮ್ಮ. ನೀನೂ ನಿಮ್ಮವ್ವನ ಬಾಯಾಗೆ ಗಿರಿಯವ್ವನೇ ಅಲ್ಲೇನು? ಶಾಲೆಯಾಗೆ ಗಿರಿಯಮ್ಮ ಅಂತ ಬರಕೊಂಡ್ರು, ನಿಂಗೇನು ಬ್ಯಾರೆ ತಲೆ ಬಂತಾ?"

ಮಾತು ಸರಿ ಅನ್ನಿಸಿತು. ಹಾಗೇ ಜೋಡಿಸಿದಳು. ಕರಡು ನೋಡಿದ ಬಕ್ಕೇಶಪ್ಪನವರೂ ಅದನ್ನು ತಿದ್ದಲಿಲ್ಲ. "ಪುಟ ಚೆಂದಾಗಿ ನಿಂತೈತಮ್ಮ," ಎಂದರು. ಆ ಮಾತು ಕೇಳಿ ಹಿಗ್ಗುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಹರಿಹರದ ಪಾಲು ಮೊದಲು ಅಚ್ಚಾಗಿ ಬೆಳಗಿನ ಗಾಡಿಗೆ ಹೋಗುವುದು, ಊರಿನ ಪಾಲು ಮಧ್ಯಾಹ್ನ ಅಚ್ಚಾಗುವುದು ವಾಡಿಕೆ. ಅವತ್ತೂ ಹಾಗೇ ಆಯಿತು. ಮಧ್ಯಾಹ್ನ ಭರಮಣ್ಣ ಮಿಷನ್ ತುಳಿಯುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಬಂದು ನಿಂತ. ಹೆಸರು ಶಬ್ಬೀರ್, ಹರಿಹರ ಸ್ಟೇಷನ್ನಿನಲ್ಲಿ ಜಟಕಾ ಹೊಡೆಯುವವನು. ಕುದುರೆಗೆ ಲಗಾಮು ಕೊಳ್ಳಲು ಊರಿಗೆ ಬಂದಿದ್ದನಂತೆ.

"ತಪ್ಪಾದ್ರೆ ಮಾಫ್ ಮಾಡ್ರಿ. ಬೆಳಿಗ್ಗೆ ಪೇಪರ್ ಓದಿದೆ. ಸ್ಟೇಷನ್ ಮುಂದೆ ಒಬ್ಬ ಅಜ್ಜಿ ಕುಂತಿದ್ಲು. ಸೀರೆ ನೋಡಿದೆ, ಹಸಿರು. ಗದ್ದ ನೋಡಿದೆ, ಹಚ್ಚೆ ಐತೆ. ಹತ್ರ ಹೋಗಿ, ಚೌಡಮ್ಮ ಅಂಬೋ ಮುದುಕಿ ಕಳದೋಗ್ಯಾಳಂತೆ, ಪೇಪರ್‌ನಾಗೆ ಹಾಕ್ಯಾರೆ, ನೀನೇ ಏನಜ್ಜಿ ಅಂದೆ."

ಗಿರಿಯಮ್ಮ ಎದ್ದು ನಿಂತಳು. "ಏನಂದ್ಲು?"

"ನನ್ನೇ ಬೈದ್ಲು! ನಾನ್ಯಾಕೆ ಚೌಡಮ್ಮ ಆಗ್ಲೋ, ಚೌಡಮ್ಮ ಹೊಳೆ ದಂಡೆ ಗುಡಿಯಾಗೆ ಅದಾಳೆ, ದೇವರು ಆಕಿ, ಕೈ ಮುಗಿದು ಕೇಳು ಅಂದ್ಲು. ನಾನು ನಕ್ಕುಬಿಟ್ಟೆ. ಹೆಸರು ಹೊಂದಲಿಲ್ಲ, ಬಿಟ್ಟು ಬಂದೆ. ರೈಲು ಹತ್ತಿದ ಮೇಲೆ ಯಾಕೋ ಜೀವ ತಡೀಲಿಲ್ಲ."

"ಈಗ ಎಲ್ಲದಾಳೆ?"

"ಪೇಪರ್ ಕೊಡು ಅಂತ ಇಸ್ಕೊಂಡ್ಲು." ಶಬ್ಬೀರ್ ತಲೆ ಬಗ್ಗಿಸಿದ. "ಹೊಳೆ ಕಡೆ ಹೋದ್ಲು, ತಾಯಿ."

ಭರಮಣ್ಣ ತುಳಿಯುವುದನ್ನು ಬಿಟ್ಟ. ಮಿಷನ್ನಿನ ಗಾಲಿ ತನ್ನಷ್ಟಕ್ಕೆ ಎರಡು ಸುತ್ತು ಸುತ್ತಿ ನಿಂತಿತು. ಊರಿಗೂರೇ ತನ್ನ ಅವ್ವನನ್ನು ದೇವಿಯ ಹೆಸರಿನಿಂದ ಕೂಗಿದರೆ ಅವಳಾದರೂ ಓ ಅನ್ನುವುದು ಹೇಗೆ?

ಹರಿಹರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಗಿರಿಯಮ್ಮ ಇಕ್ಕಳ ತೆಗೆದುಕೊಂಡು ಮಿಷನ್ನಿಗೆ ಬಂದಳು. ಪುಟದ ಬಿಗಿ ಸಡಿಲಿಸಿ, ತಾನೇ ಕಟ್ಟಿದ ಮೊದಲ ಕಾಲಂನ ಮೊದಲ ಸಾಲಿನಿಂದ ಸ್ವಾತಂತ್ರ್ಯದ ವ ಒತ್ತನ್ನು ಕಿತ್ತಳು.

"ಏ ತಂಗಿ, ಏನ್ ಮಾಡ್ತೀಯ? ಅದು ಸಾತಂತ್ರ್ಯ ಆಗ್ತೈತಲ್ಲೇ!"

"ಆಗ್ಲಿ ಬಿಡಣ್ಣ. ಒತ್ತು ಇಲ್ದಿದ್ರೂ ಜನ ಅದನ್ನ ಗುರುತು ಹಿಡೀತಾರೆ. ನಮ್ಮವ್ವನ್ನ ಹಿಡೀಲಿಲ್ಲ."

ಸದ್ದು ನಿಂತದ್ದಕ್ಕೆ ಬಕ್ಕೇಶಪ್ಪನವರು ಒಳಗಿನಿಂದ ಬಂದರು. ಮೊದಲ ಸಾಲು ನೋಡಿ ಅವರ ಮುಖ ಕೆಂಪಾಯಿತು. "ನಿನ್ನ ಪುಟ ನೀನೇ ಕೆಡಿಸಿದ್ಯಲ್ಲಮ್ಮ! ನಾಳೆ ಧ್ವಜದ ಕೆಳಗೆ ನಿಂತು ಜನ ಇದನ್ನ ಓದಿ ನಗಬೇಕೇನು?"

"ನಗಲಿ ಸಾವ್ಕಾರ್ರೇ. ಕೆಲಸ ಕೊಡಬ್ಯಾಡ್ರಿ," ಎಂದಳು ಗಿರಿಯಮ್ಮ. ಚೌಡಮ್ಮನ ಮ, ಅದರ ಒತ್ತು ಎರಡನ್ನೂ ತೆಗೆದು ವ ಕೂರಿಸುವಾಗ ಕಿತ್ತಿಟ್ಟ ಒತ್ತು ಜಾರಿ ಬಿತ್ತು. ಭರಮಣ್ಣ ಅದನ್ನು ಹೆಕ್ಕಿ ಕೊಟ್ಟ. ಅವಳು ಅದನ್ನು ಕೂರಿಸಿ ಪುಟ ಬಿಗಿದ ಮೇಲೆ ಮಾಲೀಕರ ಮುಖ ನೋಡದೆ ಮತ್ತೆ ಮಿಷನ್ ತುಳಿದ. ಮಸಿ ಆರದ ಕೆಲವು ಹಾಳೆಗಳನ್ನು ಎತ್ತಿಕೊಂಡು ಅವಳು ಬಸ್‌ಸ್ಟ್ಯಾಂಡಿಗೆ ಓಡಿದಳು.

ಹರಿಹರದಲ್ಲಿ ಇಳಿದವಳು ನೇರ ಹೊಳೆಯ ದಂಡೆಗೆ ಹೋದಳು. ಚೌಡಮ್ಮನ ಸಣ್ಣ ಗುಡಿಗೆ ಬೀಗ ಹಾಕಿತ್ತು. ನೀರು ಕೆಳಗಿನ ಮೆಟ್ಟಿಲುಗಳನ್ನು ಮುಚ್ಚಿ ಮೇಲಕ್ಕೆ ಏರುತ್ತಿತ್ತು. ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ ಕಂಡು ಅತ್ತ ಓಡಿದಳು. ಹತ್ತಿರ ಹೋಗಿ ನೋಡಿದರೆ ಗಂಡಸರ ಚಪ್ಪಲಿ.

"ಚೌಡವ್ವಾ!" ಎಂದು ಕೂಗಿದಳು. ಹೆತ್ತವಳನ್ನು ಹೆಸರು ಹಿಡಿದು ಕೂಗಿದ್ದು ಜನ್ಮದಲ್ಲಿ ಅದೇ ಮೊದಲು. ನೀರಿನ ಭೋರಿಗೆ ದನಿ ಅವಳ ಕಿವಿಗೇ ಕೇಳಲಿಲ್ಲ. ಗಂಟಲು ಹರಿಯುವ ಹಾಗೆ ಇನ್ನೊಮ್ಮೆ ಕೂಗಿದಳು. "ಚೌಡವ್ವಾ!"

"ಏನ್ರವ್ವಾ?"

ಗುಡಿಯ ಹಿಂದಿನಿಂದ ಬಂತು ದನಿ. ಬೇವಿನ ಮರದ ಬುಡದಲ್ಲಿ ಮುದುಕಿ ಕೂತಿದ್ದಳು. ಹಸಿರು ಸೀರೆಯ ಅಂಚು ಕೆಸರಾಗಿತ್ತು, ತುಟಿ ಒಣಗಿತ್ತು. ಮಡಿಲಲ್ಲಿ ಎಂಟನೆಯ ಪುಟವನ್ನು ತಲೆಕೆಳಗಾಗಿ ಹಾಸಿಕೊಂಡಿದ್ದಳು. ಗಿರಿಯಮ್ಮ ಏದುಸಿರು ಬಿಡುತ್ತ ಅವಳ ಮುಂದೆ ಬಂದು ನಿಂತಳು.

"ಕುಂದ್ರು ಮಗಾ, ಸುಧಾರಿಸ್ಕೋ," ಎಂದಳು ಮುದುಕಿ. "ಚೌಡಮ್ಮ ಅಂಬೋ ಮುದುಕಿ ಕಳದೋಗ್ಯಾಳಂತೆ, ಇದ್ರಾಗೆ ಹಾಕ್ಯಾರೆ. ದೇವರಾದ್ರೆ ಯಾಕ ಕಳೀತಾಳೆ, ಯಾರೋ ಮನುಷ್ಯರೇ ಇರಬೇಕು ಅಂದ್ಕೊಂಡು ದಂಡೆ ಉದ್ದಕ್ಕೂ ಕೇಳ್ತಾ ಬಂದೆ. ಯಾರೂ ಕಂಡಿಲ್ಲಂತೆ. ಪಾಪ, ಆಕಿ ಮಕ್ಕಳು ಎಷ್ಟು ಗೋಳಾಡ್ತಾವೋ. ನೀ ಏನಾರ ನೋಡಿದ್ಯಾ?"

ಗಿರಿಯಮ್ಮ ಅವಳ ಪಕ್ಕ ಕೂತಳು. ಹೊಸ ಹಾಳೆಯನ್ನು ಬಿಡಿಸಿದಳು. ಬೆವರಿಗೆ ಮಸಿ ಕಲಸಿತ್ತು, ಹೆಸರು ಉಳಿದಿತ್ತು. "ತಪ್ಪು ಬಿದ್ದಿತ್ತು, ತಿದ್ದಿದ್ದಾರೆ," ಎಂದು ಓದಿದಳು. "ಕಾಣೆಯಾಗಿದ್ದಾರೆ. ಚೌಡವ್ವ, ಆನಗೋಡು."

"ಚೌಡವ್ವ ಅಂದ್ರೆ ನಾನಲ್ಲೇನು!" ಮುದುಕಿ ಬೆರಗಾಗಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ನಾನೇ ಕಣವ್ವ ಚೌಡವ್ವ! ನಾನೆಲ್ಲಿ ಕಳದೀನಿ? ಇಲ್ಲೇ ಅದೀನಲ್ಲ. ಯಾರು ಹಾಕಿಸಿದ್ದು?"

"ನಿನ್ನ ಮಗಳು ಹಾಕಿಸಿದ್ದು ಅವ್ವ."

ಮುದುಕಿ ಅವಳ ಮುಖವನ್ನೇ ನೋಡಿದಳು. ಆ ನೋಟ ಹಣೆಯಿಂದ ಗದ್ದಕ್ಕೆ ಇಳಿಯಿತು, ಮಸಿ ಹತ್ತಿದ ಬೆರಳುಗಳ ಹತ್ತಿರ ಸ್ವಲ್ಪ ನಿಂತಿತು. ಆಮೇಲೆ ಆ ನೋಟ ಹೊಳೆಯ ಕಡೆ ಹೊರಟುಹೋಯಿತು.

"ಹಂಗಾರೆ ಆಕೀಗೆ ಹೇಳಿ ಕಳಿಸವ್ವ," ಎಂದಳು ಚೌಡವ್ವ, "ನಾ ಸಿಕ್ಕೀನಿ ಅಂತ."

"ಹೇಳ್ತೀನವ್ವ," ಎಂದಳು ಗಿರಿಯಮ್ಮ.