ಹೇಳದೆ ಉಳಿದವರ ಪಟ್ಟಿ

ಅಕ್ಕ ತೀರಿಕೊಂಡ ದಿನ ಎಲ್ಲರಿಗೂ ಫೋನ್ ಮಾಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಭಾವ ಗೋಡೆಗೆ ಒರಗಿ ಕೂತುಬಿಟ್ಟಿದ್ದರು. ಅವರಿಂದ ಒಂದು ಲೋಟ ನೀರು ಎತ್ತಿ ಕುಡಿಯುವುದೂ ಆಗುತ್ತಿರಲಿಲ್ಲ. ಅಕ್ಕನ ಫೋನನ್ನು ನನ್ನ ಕೈಗಿಟ್ಟು, "ಇದರಲ್ಲಿ ಇರೋರಿಗೆಲ್ಲ ಹೇಳಿಬಿಡಮ್ಮ, ಆಮೇಲೆ ನಂಬರ್ ಬಂದ್ ಮಾಡಿಸು" ಎಂದರು. ಇಪ್ಪತ್ತು ಮೂವತ್ತು ಜನಕ್ಕೆ ಹೇಳಿದೆ. ಎಲ್ಲರದೂ ಅದೇ ಅಯ್ಯೋ, ಅದೇ ಪ್ರಶ್ನೆ: ಏನಾಗಿತ್ತು, ಯಾವಾಗ ಗೊತ್ತಾಯ್ತು, ಮೊದಲೇ ತೋರಿಸಬಾರದಿತ್ತಾ. ಕೇಳಿ ಕೇಳಿ ತಲೆ ಕೆಟ್ಟು ಒಬ್ಬಳಿಗೆ "ನೀವೇನು ಡಾಕ್ಟರಾ?" ಎಂದು ಗದರಿ ಫೋನ್ ಇಟ್ಟೆ. ಆಮೇಲೆ ಯಾರಿಗೂ ಮಾಡಲಿಲ್ಲ. ಮಿಕ್ಕವರಿಗೆ ಬಾಯಿಂದ ಬಾಯಿಗೆ ತಾನಾಗಿ ಗೊತ್ತಾಗುತ್ತದೆ ಅಂದುಕೊಂಡೆ.

ನಂಬರನ್ನೂ ಬಂದ್ ಮಾಡಿಸಲಿಲ್ಲ, ಅಕ್ಕ ಅದಕ್ಕೆ ಒಂದು ವರ್ಷದ ರೀಚಾರ್ಜ್ ಹಾಕಿಸಿದ್ದಳು. ಫೋನ್ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಬಿದ್ದಿತ್ತು.

ನನ್ನದು ಮನೆಯಲ್ಲೇ ಕೂತು ಮಾಡುವ ವ್ಯಾಪಾರ. ಶಕ್ತಿಪುಡಿ ಅಂತ ಒಂದು ಡಬ್ಬಿ. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ, ಬಿಸಿನೀರಲ್ಲಿ ಕಲಸಿ ಕುಡಿಯಬೇಕು. ಈ ಕಸುಬಿನಲ್ಲಿ ಪುಡಿ ಮಾರುವುದಕ್ಕಿಂತ ಪುಡಿ ಮಾರುವವರನ್ನು ಹುಡುಕುವುದೇ ದೊಡ್ಡ ಕೆಲಸ. ನನ್ನನ್ನು ಸೇರಿಸಿಕೊಂಡ ಲೀಡರ್ ಮೇಡಂ ಮೊದಲ ದಿನವೇ ನೋಟ್‌ಬುಕ್ ಕೊಟ್ಟು ನೂರು ಹೆಸರು ಬರೆಸಿದ್ದರು. "ಹಾಲು ಹಾಕೋನಿಂದ ಹಿಡಿದು ಯಾವುದೋ ಮದುವೇಲಿ ಪಕ್ಕದಲ್ಲಿ ಕೂತು ಊಟ ಮಾಡಿದವರ ತನಕ ಬರೀರಿ. ಯಾರು ಸೇರ್ತಾರೆ, ಯಾರು ಸೇರಲ್ಲ ಅಂತ ನೀವು ತೀರ್ಮಾನ ಮಾಡ್ಬೇಡಿ" ಅಂದಿದ್ದರು. ಆ ನೂರು ನಾಲ್ಕು ತಿಂಗಳಿಗೆ ಮುಗಿದುಹೋಯಿತು. ಅರ್ಧ ಜನರ ಜೊತೆ ನಾನು ಹಿಂದೆ ಯಾವಾಗಲೋ ಜಗಳವಾಡಿದ್ದೆ. ಇನ್ನರ್ಧ ಜನ ನಾನು ಎದುರಿಗೆ ಬಂದರೆ ಚಪ್ಪಲಿಯ ಬಾರು ಕಿತ್ತುಹೋದವರ ಹಾಗೆ ಬಗ್ಗಿಬಿಡುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಇಟ್ಟುಕೊಂಡು ಈ ಕಸುಬಿಗೆ ಇಳಿದದ್ದೇ ನನ್ನ ತಪ್ಪು.

ಅಕ್ಕ ಹಾಗಲ್ಲ. ಅವಳು ಸಿದ್ಧ ಉಡುಪಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ ಮಿಷನ್ ತುಳಿದವಳು, ಆಮೇಲೆ ಮನೆಯಲ್ಲೇ ಬ್ಲೌಸ್ ಹೊಲಿದವಳು. ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವಳಲ್ಲ. ನನ್ನ ಕೆಳಗೆ ಮೊಟ್ಟಮೊದಲು ಸೇರಿದವಳು ಅವಳೇ. ಭಾನುವಾರ ನಮ್ಮ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗ್ ಮಾಡಿದರೆ, ನಾನು ಗಂಟೆಗಟ್ಟಲೆ ಗಂಟಲು ಹರಿದುಕೊಂಡರೂ ಅಲ್ಲಾಡದ ಜನ ಅವಳು ಎದ್ದು ನಿಂತು, "ಮುಂಚೆ ಸಂಜೆ ಆದ್ರೆ ಕೈಕಾಲು ಬಿದ್ದುಹೋಗ್ತಿತ್ತು, ಈಗ ಪರವಾಗಿಲ್ಲ ಕಣ್ರೀ" ಅಂದರೆ ಸಾಕು, ಡಬ್ಬಿ ಕೈಗೆತ್ತಿಕೊಳ್ಳುತ್ತಿದ್ದರು.

ಅವಳು ಹೋಗಿ ಎಂಟು ತಿಂಗಳಾಗಿತ್ತು. ಒಬ್ಬೊಬ್ಬರಾಗಿ ಬಿಟ್ಟು ನನ್ನ ಕೆಳಗೆ ಮೂರೇ ಜನ ಉಳಿದಿದ್ದರು. ತಿಂಗಳ ಕೊನೆಗೆ ಆರು ಜನ ಆದರೆ ಕಂಪನಿಯಲ್ಲಿ ನನಗೆ 'ಸ್ಟಾರ್' ದರ್ಜೆ, ಆಗದಿದ್ದರೆ ಮತ್ತೆ ಮೊದಲಿನಿಂದ. ಹೆಸರು ಹುಡುಕುತ್ತಾ ಅಕ್ಕನ ಫೋನ್ ತೆಗೆದು ಚಾರ್ಜಿಗೆ ಹಾಕಿದೆ. ಹಾಕಿ ಹತ್ತು ನಿಮಿಷವಾಗಿರಲಿಲ್ಲ, ಅದು ಹೊಡೆದುಕೊಂಡಿತು. ಎತ್ತಿ "ಹಲೋ" ಅಂದೆ, ಅಷ್ಟೇ.

"ಅಬ್ಬಾ, ಸಿಕ್ಕಿದ್ಯಲ್ಲ ಮಾರಾಯ್ತಿ. ಎಷ್ಟು ದಿನ ಆಯ್ತು ನಿನ್ನ ದನಿ ಕೇಳಿ" ಎಂದಿತು ಒಂದು ಹೆಣ್ಣುದನಿ.

ನಮ್ಮಿಬ್ಬರ ದನಿ ಚಿಕ್ಕಂದಿನಿಂದಲೂ ಒಂದೇ. ಮುಖದಲ್ಲಿ ಹೋಲಿಕೆಯಿಲ್ಲ, ಗುಣದಲ್ಲಂತೂ ಇಲ್ಲವೇ ಇಲ್ಲ. ಆದರೆ ಅಮ್ಮನಿಗೇ ಅಡುಗೆಮನೆಯಿಂದ ಯಾರು ಕೂಗಿದ್ದು ಅಂತ ತಿಳಿಯುತ್ತಿರಲಿಲ್ಲ. ನಾನು ಸ್ವಲ್ಪ ಮೆತ್ತಗೆ ಮಾತಾಡಿದರೆ ಮುಗಿಯಿತು, ಅದು ಅಕ್ಕ.

ಆ ಹೆಂಗಸಿಗೆ ನಾನು ಸತ್ಯ ಹೇಳಬಹುದಿತ್ತು. "ಹೇಗಿದ್ದೀರಾ?" ಎಂದೆ.

ಮಾರನೇ ದಿನದಿಂದ ಅದೇ ನನ್ನ ದಾರಿಯಾಯಿತು. ಅಕ್ಕನ ಮಣ್ಣಿಗೆ ಬಂದವರನ್ನೆಲ್ಲ ಬಿಟ್ಟೆ, ನಾನು ಫೋನ್ ಮಾಡಿ ಹೇಳಿದವರನ್ನೂ ಬಿಟ್ಟೆ. ಹೇಳದೆ ಉಳಿದವರ ಹೆಸರನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸಿದೆ. ಅರವತ್ತೊಂದು ಹೆಸರು. ಮಧ್ಯಾಹ್ನ ಎರಡರಿಂದ ನಾಲ್ಕು, ಹೆಂಗಸರು ಊಟ ಮುಗಿಸಿ ಕಾಲು ಚಾಚುವ ಹೊತ್ತು, ಅಕ್ಕನ ಫೋನಿನಿಂದ ಮಾಡುತ್ತಿದ್ದೆ. ನಾನು ಅಕ್ಕ ಅಂತ ಒಮ್ಮೆಯೂ ಹೇಳಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ. ಅವರೇ ಹತ್ತು ನಿಮಿಷ ಮಾತಾಡಿ ಹಗುರಾಗುತ್ತಿದ್ದರು. ಕೊನೆಗೆ, "ತಂಗಿ ಒಂದು ಕೆಲಸ ಶುರು ಮಾಡಿದ್ದಾಳೆ, ನಾಳೆ ಫೋನ್ ಮಾಡ್ತಾಳೆ, ಒಂದ್ಸಲ ಕೇಳಿಸ್ಕೊಳ್ಳಿ" ಎನ್ನುತ್ತಿದ್ದೆ. ಮರುದಿನ ನನ್ನ ಫೋನಿನಿಂದ ನನ್ನ ಒರಟು ದನಿಯಲ್ಲಿ ಮಾತಾಡುತ್ತಿದ್ದೆ. "ಅಕ್ಕ ಹೇಳಿದ್ಲಮ್ಮ" ಎಂದು ಅವರು ಕೇಳಿಸಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ನಾನು. ಹತ್ತು ದಿನದಲ್ಲಿ ಇಬ್ಬರು ಸೇರಿದರು.

ಹೆದರಿಕೆ ಆಗಲಿಲ್ಲವೇ ಅಂದರೆ, ಆಗುತ್ತಿತ್ತು. ಫೋನ್ ಇಟ್ಟ ಮೇಲೂ ದನಿ ಕೂಡಲೇ ವಾಪಸ್ ಬರುತ್ತಿರಲಿಲ್ಲ. ಗ್ಯಾಸಿನವನಿಗೆ "ನಿಧಾನ ಕಣಪ್ಪ, ಬೆನ್ನು ನೋವಾದೀತು" ಎಂದುಬಿಟ್ಟೆ. ನಾನು ಹಾಗೆಲ್ಲ ಅನ್ನುವವಳಲ್ಲ. ಒಂದು ಮಧ್ಯಾಹ್ನ ನಮ್ಮ ಯಜಮಾನರು ಅರ್ಧ ದಿನ ರಜೆ ಹಾಕಿ ಬಂದವರು ಬಾಗಿಲಲ್ಲೇ ನಿಂತುಬಿಟ್ಟಿದ್ದರು, ಮುಖ ಸುಣ್ಣವಾಗಿತ್ತು. "ಅತ್ತಿಗೆ ಅಂದ್ಕೊಂಡೆ" ಎಂದರು. ಆಮೇಲೆ ಮೇಜಿನ ಮೇಲಿದ್ದ ಫೋನ್ ನೋಡಿ, "ಇದು ಒಳ್ಳೇದಲ್ಲ ಕಣೇ. ಇವರಿಗೆಲ್ಲ ಮುಂದೆ ಏನು ಹೇಳ್ತೀಯಾ?" ಎಂದು ಕೇಳಿದರು. "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ" ಎಂದೆ. ಅವರಿಗೆ ಹೇಳದಿದ್ದರೂ ನನ್ನ ಯೋಚನೆ ಸಿದ್ಧವಾಗಿತ್ತು. ನಾನು ಸ್ಟಾರ್ ಆದ ಮರು ವಾರ ಅಕ್ಕ ಇದ್ದಕ್ಕಿದ್ದಂತೆ ಹೋಗಿಬಿಟ್ಟಳು ಅಂತ ಎಲ್ಲರಿಗೂ ಫೋನ್ ಮಾಡುವುದು. ಸತ್ತವಳನ್ನು ಇನ್ನೊಮ್ಮೆ ಸಾಯಿಸಲು ನಾನು ದಿನ ಗೊತ್ತುಮಾಡಿ ಇಟ್ಟಿದ್ದೆ.

ಇನ್ನು ಒಬ್ಬಳು ಬೇಕಿತ್ತು. ಪಟ್ಟಿಯಲ್ಲಿ ಮುಂದಿನ ಹೆಸರು 'ಕಾಜಾ'. ಶೆಡ್ಡಿನಲ್ಲಿ ಅಕ್ಕನ ಪಕ್ಕ ಕೂತು ಗುಂಡಿಗೆ ಕಾಜಾ ಹೊಲಿಯುತ್ತಿದ್ದವಳು. ನಾಲ್ಕು ವರ್ಷದ ಹಿಂದೆ ಬೇರೆ ಊರಿಗೆ ಹೋದಳು ಅಂತ ಅಕ್ಕ ಹೇಳಿದ್ದು ನೆನಪಿತ್ತು. ನಾನು ಅವಳನ್ನು ನೋಡಿರಲಿಲ್ಲ.

"ಸೂಜಿ? ಬದುಕಿದ್ದೀಯೇನೇ?"

ಅಕ್ಕನನ್ನು ಯಾರೋ ಸೂಜಿ ಅಂತ ಕರೆಯುತ್ತಿದ್ದರು ಅನ್ನುವುದೇ ನನಗೆ ಗೊತ್ತಿರಲಿಲ್ಲ.

"ಇದ್ದೀನಿ" ಎಂದೆ. ಅಷ್ಟು ದಿನಗಳಲ್ಲಿ ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಅದು.

"ಎಷ್ಟು ಸಲ ಮಾಡಿದೆ ಗೊತ್ತಾ? ಬರೀ ಸ್ವಿಚ್ ಆಫ್. ಏನೇನೋ ಯೋಚನೆ ಬಂತು. ಕೋಪಾನೂ ಬಂತು. ಹೋಗ್ಲಿ ಬಿಡು, ದನಿ ಕೇಳ್ತಲ್ಲ. ಆ ಗಂಟು ಹೇಗಿದೆ ಈಗ?"

"ಯಾವ ಗಂಟು?"

"ಅಯ್ಯೋ, ಎದೇಲಿದ್ದ ಗಂಟು ಕಣೇ. ಮರೆತುಬಿಡೋ ಅಷ್ಟು ವಾಸಿ ಆಯ್ತಾ? ಹೋದ ವರ್ಷ ನನಗೊಬ್ಬಳಿಗೇ ಹೇಳಿದ್ಯಲ್ಲ, ಯಾರಿಗೂ ಹೇಳ್ಬೇಡ ಅಂತ ಆಣೆ ಬೇರೆ ಹಾಕಿಸ್ಕೊಂಡಿದ್ದೆ."

ನಾನು ಕುರ್ಚಿ ಎಳೆದು ಕೂತೆ. ಅಕ್ಕನ ಕಾಯಿಲೆ ಗೊತ್ತಾದದ್ದು ಸಾಯುವುದಕ್ಕೆ ಎರಡು ತಿಂಗಳ ಮುಂಚೆ ಅಂತ ಮನೆಯವರೆಲ್ಲ ತಿಳಿದಿದ್ದೆವು. ಅವಳೂ ಹಾಗೇ ಹೇಳಿದ್ದಳು.

"ಆಸ್ಪತ್ರೆಗೆ ಹೋಗು ಅಂತ ಎಷ್ಟು ಬಡ್ಕೊಂಡೆ" ಕಾಜಾ ಮುಂದುವರಿಸಿದಳು. "ನೀನು ಕೇಳಿದ್ಯಾ? ತಂಗಿ ಈಗ ತಾನೇ ಶುರು ಮಾಡಿದ್ದಾಳೆ, ವಾರವಾರ ಜನರ ಮುಂದೆ ನಿಂತು ಪುಡಿ ತಿಂದು ಚೆನ್ನಾಗಿದ್ದೀನಿ ಅಂತ ಹೇಳೋಳು ನಾನೇ, ನಾನೇ ಆಸ್ಪತ್ರೇಲಿ ಮಲಗಿದ್ರೆ ಅವಳ ಮಾತು ಯಾರು ನಂಬ್ತಾರೆ, ಅವಳ ಮುಖ ಸಣ್ಣಗಾಗುತ್ತೆ ಅಂದ್ಯಲ್ಲ. ಪುಡೀನೇ ಎರಡರ ಬದಲು ನಾಲ್ಕು ಚಮಚ ತಗೋತೀನಿ, ನೋಡೋಣ ಅಂದೆ. ನೀನು ಗೆದ್ದೆ ಬಿಡು. ನಾನೇ ಸುಮ್ನೆ ಹೆದರಿಕೊಂಡಿದ್ದೆ."

ಬೆನ್ನಲ್ಲೇ ಅವಳ ದನಿ ಸಣ್ಣಗಾಯಿತು.

"ನನಗೂ ಬಂದಿದೆ ಕಣೇ. ಎಡಗಡೆ, ಕಡಲೆಕಾಳಿನಷ್ಟು. ಮೂರು ತಿಂಗಳಾಯ್ತು. ನಾಳೆ ದೊಡ್ಡಾಸ್ಪತ್ರೆಗೆ ಹೋಗೋಣ ಅಂತ ಚೀಟಿ ಮಾಡಿಸಿದ್ದೆ, ಭಯಕ್ಕೆ ಅನ್ನ ಇಳೀತಿರಲಿಲ್ಲ. ನಿನ್ನ ದನಿ ಕೇಳಿ ಜೀವ ಬಂತು. ನೀನು ಕಲ್ಲುಗುಂಡಿನ ಹಾಗೆ ಇದ್ದೀಯಲ್ಲ, ಇನ್ನು ನನಗೇನು? ನಾಳೆ ಹೋಗಲ್ಲ. ನಾಲ್ಕು ಡಬ್ಬಿ ಕಳಿಸು, ನನ್ನನ್ನೂ ಸೇರಿಸ್ಕೋ ಅಂತ ತಂಗಿಗೆ ಹೇಳು. ವಿಳಾಸ ಬರ್ಕೋ."

ಆರನೆಯವಳು ಸಿಕ್ಕಳು ಅಂತ ಒಂದು ಕ್ಷಣ ನನಗೆ ಖುಷಿಯಾಯಿತು. ಮುಚ್ಚಿಡುವುದೇಕೆ, ಆಯಿತು. ಕೈ ತಾನಾಗಿ ವಿಳಾಸ ಬರೆದುಕೊಂಡಿತು. ಆಮೇಲೆ ಬರೆದದ್ದನ್ನು ನೋಡಿದೆ. ಈ ಹೆಂಗಸು ನಾಳೆ ಆಸ್ಪತ್ರೆಗೆ ಹೋಗುವುದಿಲ್ಲ, ಯಾಕೆಂದರೆ ನಾನು ಮಾತಾಡುತ್ತಿದ್ದೇನೆ.

"ಕೇಳಿ" ಎಂದೆ. "ನಾನು ಸೂಜಿ ಅಲ್ಲ. ಅವಳ ತಂಗಿ. ಅಕ್ಕ ಹೋಗಿ ಎಂಟು ತಿಂಗಳಾಯ್ತು. ಅದೇ ಗಂಟಿನಿಂದ."

ಅವಳು ನಕ್ಕಳು. "ಮತ್ತೆ ಶುರು ಮಾಡಿದ್ಯಾ ನಿನ್ನ ಚೇಷ್ಟೆ. ಶೆಡ್ಡಲ್ಲೂ ಹೀಗೇ ಅಲ್ವಾ, ಮುಖ ಗಂಟುಹಾಕ್ಕೊಂಡು ಸುಳ್ಳು ಹೇಳಿ ಅಳಿಸ್ತಿದ್ದೆ."

"ನಿಜವಾಗ್ಲೂ. ದಯವಿಟ್ಟು ನಾಳೆ ಆಸ್ಪತ್ರೆಗೆ ಹೋಗಿ."

"ಸಾಕು ಸುಮ್ನಿರೇ. ಹನ್ನೊಂದು ವರ್ಷ ಕಿವಿ ಪಕ್ಕದಲ್ಲೇ ಕೇಳಿದ ದನಿ, ನನಗೆ ಗೊತ್ತಾಗಲ್ವಾ? ನೀನು ಸತ್ತಿದ್ರೆ ನಿನ್ನ ತಂಗಿ ನನಗೆ ಹೇಳದೇ ಇರ್ತಿದ್ಲಾ? ಎಂಥವಳಾದ್ರೂ ಸಾವಿನ ಸುದ್ದಿ ಹೇಳದೇ ಇರ್ತಾಳಾ?"

ನಗುತ್ತಲೇ ಫೋನ್ ಇಟ್ಟಳು. ನಾನು ಮತ್ತೆ ಮಾಡಿದೆ. ಅಕ್ಕನ ಫೋನಿನಿಂದ ಮಾಡಿದರೆ ಎತ್ತಿ ನಕ್ಕಳು, ನನ್ನ ಫೋನಿನಿಂದ ಮಾಡಿದರೆ "ಸೂಜಿ, ಇದು ಯಾರ ನಂಬರೇ?" ಎಂದಳು. ನನ್ನ ಒರಟು ದನಿ ಹುಡುಕಿದೆ, ಆವತ್ತು ಅದು ಸಿಗಲಿಲ್ಲ. ಯಾವ ಬಾಯಲ್ಲಿ ಹೇಳಿದರೂ ಅದು ಅಕ್ಕನೇ ಹೇಳಿದ ಹಾಗೆ ಕೇಳುತ್ತಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಮೂರು ಗಂಟೆ ದಾರಿ. ಅಕ್ಕ ನಾಲ್ಕು ಚಮಚ ಪುಡಿ ನುಂಗುತ್ತಾ ನನ್ನ ಹಜಾರದಲ್ಲಿ ಎದ್ದು ನಿಂತು "ಈಗ ಪರವಾಗಿಲ್ಲ" ಅನ್ನುತ್ತಿದ್ದದ್ದೇ ಕಣ್ಣ ಮುಂದೆ. ನಾನು ಆಗ ಅವಳ ಮುಖ ನೋಡುತ್ತಿರಲಿಲ್ಲ, ಯಾರು ಡಬ್ಬಿ ಎತ್ತಿಕೊಳ್ಳುತ್ತಾರೆ ಅಂತ ಜನರ ಕೈ ನೋಡುತ್ತಿದ್ದೆ. ಪಕ್ಕದಲ್ಲಿ ಕೂತವಳು "ಹುಷಾರಿಲ್ವಾ?" ಎಂದು ಕೇಳಿದಳು. ಅಕ್ಕನ ದನಿ ಬಂದೀತೆಂದು ಉತ್ತರ ಕೊಡಲು ಹೆದರಿಕೆಯಾಯಿತು.

ಸಾಲುಮನೆಗಳಲ್ಲಿ ಕೊನೆಯದು. ಬಾಗಿಲು ತೆಗೆದವಳು ಬೆಳ್ಳಗಿನ ಕೂದಲಿನ ಸಣ್ಣ ಹೆಂಗಸು, ಬೆರಳಲ್ಲಿ ಇನ್ನೂ ಸೂಜಿ ಚುಚ್ಚದಂತೆ ತೊಡುವ ಅಂಗುಸ್ತಾನ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, "ಯಾರು ಬೇಕಿತ್ತು?" ಎಂದಳು.

"ನಾನು ಸೂಜಿ ತಂಗಿ" ಎಂದೆ.

ಅವಳು ನನ್ನ ಮುಖ ನೋಡಿದಳು, ನನ್ನ ಬೆನ್ನ ಹಿಂದೆ ನೋಡಿದಳು, ಮತ್ತೆ ನನ್ನ ಬಾಯಿಯನ್ನೇ ನೋಡಿದಳು. ಚೌಕಟ್ಟು ಹಿಡಿದುಕೊಂಡಳು. ನಾನು ಎಲ್ಲವನ್ನೂ ಹೇಳಿದೆ. ಬೀರುವಿನಲ್ಲಿದ್ದ ಫೋನು, ಪಟ್ಟಿ, ಮಧ್ಯಾಹ್ನ ಎರಡರಿಂದ ನಾಲ್ಕು. ಮುಗಿದ ಮೇಲೆ, "ಕೊನೇಲಿ ಅವಳಿಗೆ ತುಂಬಾ ನೋವಾಯ್ತಾ?" ಎಂದು ಕೇಳಿದಳು.

"ತುಂಬಾ. ಕೊನೇ ಹದಿನೈದು ದಿನ ಮಾತೇ ಹೊರಡ್ತಿರಲಿಲ್ಲ."

ಅವಳು ತಲೆಯಾಡಿಸಿದಳು. "ನಿನ್ನನ್ನ ನಾನು ನಂಬಲ್ಲ. ನಿನ್ನೆ ಒಂದು ಹೇಳ್ದೆ, ಇವತ್ತೊಂದು ಹೇಳ್ತೀಯಾ. ನಾಳೆ ಇನ್ನೊಂದು ಹೇಳ್ತೀಯಾ. ಅವಳು ಹೇಳಿದ್ರೆ ನಂಬ್ತೀನಿ" ಎಂದು ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. "ಹೇಳ್ಸು."

ಅವಳು ಕೇಳುತ್ತಿರುವುದು ಅಕ್ಕನ ದನಿ ಅಂತ ತಡವಾಗಿ ಹೊಳೆಯಿತು. ಆಮೇಲೆ ಅವಳೆದುರು ನೆಲದ ಮೇಲೆ ಕೂತೆ. ಮೆತ್ತಗೆ ಮಾತಾಡಬೇಕು, ಅಷ್ಟೇ, ಹತ್ತು ದಿನದಿಂದ ಅದನ್ನೇ ತಾನೇ ಮಾಡಿದ್ದು.

"ಕಾಜಾ, ನಾನು ಸತ್ತೋದೆ ಕಣೇ. ಪುಡಿಯಿಂದ ಏನೂ ಆಗಲಿಲ್ಲ. ನೀನು ಹೇಳಿದಾಗಲೇ ಹೋಗ್ಬೇಕಿತ್ತು. ನೀನು ಹೋಗು."

ಅವಳು ಕಣ್ಣು ಮುಚ್ಚಿಯೇ ಅತ್ತಳು, ಅಂದೇ ಸುದ್ದಿ ಬಂದವರು ಅಳುವ ಹಾಗೆ, ಎದೆ ಹಿಡಿದುಕೊಂಡು. ನಾನು ಕೈ ಚಾಚಿದರೆ ತಳ್ಳಿದಳು. ಅತ್ತು ಮುಗಿದ ಮೇಲೆ ಒಳಗೆ ಹೋಗಿ ಮುಖ ತೊಳೆದು, ಆಸ್ಪತ್ರೆಯ ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ಬಂದಳು.

"ಜೊತೆಗೆ ಬಾ. ಒಬ್ಬಳೇ ಹೋಗೋಕೆ ನನಗೆ ಧೈರ್ಯ ಇಲ್ಲ. ಆದ್ರೆ ಬಾಯಿ ಬಿಡ್ಬೇಡ. ಆ ದನಿ ಇನ್ನೊಂದ್ಸಲ ಕೇಳಿದ್ರೆ ನಾನು ಅರ್ಧ ದಾರೀಲಿ ವಾಪಸ್ ಬಂದುಬಿಡ್ತೀನಿ."

ಅವಳು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಆಸ್ಪತ್ರೆಯ ಕಿಟಕಿಯ ಮುಂದೆ ಒಂದು ಗಂಟೆ ಸಾಲಿನಲ್ಲಿ ನಿಂತೆವು. ನಮ್ಮ ಸರದಿ ಬಂದಾಗ ಕಿಟಕಿಯೊಳಗಿನ ಗುಮಾಸ್ತೆ ಅವಳ ವಯಸ್ಸು, ವಿಳಾಸ ಬರೆದುಕೊಂಡು ನನ್ನ ಕಡೆ ಪೆನ್ನು ತೋರಿಸಿದಳು.

"ಜೊತೆಗೆ ಬಂದಿರೋರು ನೀವಾ? ಇವರಿಗೆ ಏನಾಗಬೇಕು?"

ನಾನು ಕಾಜಾ ಮುಖ ನೋಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಗುಮಾಸ್ತೆ ಇನ್ನೊಮ್ಮೆ ಕೇಳಿದಳು. ಸಾಲಿನಲ್ಲಿ ಹಿಂದಿದ್ದವರು ಗೊಣಗಿದರು.

"ಏನಮ್ಮ, ಇವರಿಗೆ ಮಾತು ಬರಲ್ವಾ?"

"ಇಲ್ಲ" ಎಂದಳು ಕಾಜಾ. "ಬರಲ್ಲ."